14 ಸರ್ವರ್‌ಗಳ ಪಟ್ಟಿ ಕೊಟ್ಟರೂ ಸ್ಕ್ರಿಪ್ಟ್ ಮೊದಲನೆಯದಕ್ಕೇ ನಿಲ್ಲುತ್ತಿದೆ

ಘಟಪ್ರಭಾ ತೀರ (ಪ್ರಶ್ನೆ ಕೇಳಿದವರು)

ಎಲ್ಲರಿಗೂ ನಮಸ್ಕಾರ. ಸಹಕಾರಿ ಸಂಘಗಳ ಲೆಕ್ಕಪತ್ರದ ತಂತ್ರಾಂಶ ಮಾಡುವ ಸಣ್ಣ ಕಂಪನಿಯೊಂದರಲ್ಲಿ ಕೆಲಸ ಮಾಡುತ್ತೇನೆ. ನಾವಿರುವುದು ಗೋಕಾಕದ ಹತ್ತಿರ, ಸರ್ವರ್‌ಗಳಿರುವುದು ಮುಂಬೈಯಲ್ಲಿ. ಒಟ್ಟು 14, ಎಲ್ಲವೂ ಉಬುಂಟು 22.04 (ಲಿನಕ್ಸ್). ಇಷ್ಟು ದಿನ ಒಂದೊಂದಕ್ಕೂ ಲಾಗಿನ್ ಆಗಿ ಕೈಯಿಂದಲೇ ಬದಲಾವಣೆ ಮಾಡುತ್ತಿದ್ದೆ. ಈಗ ಎಲ್ಲ ಸರ್ವರ್‌ಗಳಲ್ಲೂ ಪಾಸ್‌ವರ್ಡ್ ಲಾಗಿನ್ ನಿಲ್ಲಿಸಿ, ಕೀ (ಪಾಸ್‌ವರ್ಡ್ ಬದಲು ಬಳಸುವ ಗುರುತಿನ ಫೈಲ್) ಇದ್ದವರಿಗೆ ಮಾತ್ರ ಪ್ರವೇಶ ಎಂದು ಮಾಡಬೇಕಾಗಿದೆ.

ಒಂದು ಬ್ಯಾಷ್ ಸ್ಕ್ರಿಪ್ಟ್, ಅಂದರೆ ಶೆಲ್ ಆಜ್ಞೆಗಳ ಸರಣಿ, ಬರೆದೆ. ಸರ್ವರ್‌ಗಳ ಹೆಸರು ಒಂದು ಫೈಲಿನಲ್ಲಿವೆ, ಸಾಲಿಗೆ ಒಂದು. 'ವೈಲ್ ರೀಡ್' ಲೂಪ್ ಒಂದೊಂದು ಹೆಸರನ್ನು ಓದುತ್ತದೆ, ದೂರದ ಯಂತ್ರಕ್ಕೆ ಸುರಕ್ಷಿತವಾಗಿ ಲಾಗಿನ್ ಮಾಡಿಸುವ ಎಸ್‌ಎಸ್‌ಎಚ್ ಮೂಲಕ ಆ ಸರ್ವರ್‌ಗೆ ಹೋಗುತ್ತದೆ, ಸಂರಚನೆಯ ಫೈಲಿನ ಕೊನೆಗೆ 'ಪಾಸ್‌ವರ್ಡ್ ಅಥೆಂಟಿಕೇಶನ್ ನೋ' ಎಂಬ ಸಾಲನ್ನು ಸೇರಿಸಿ ಎಸ್‌ಎಸ್‌ಎಚ್ ಸೇವೆಯನ್ನು ಮರುಓದಿಸುತ್ತದೆ. ಮೊದಲ ಸರ್ವರ್‌ನಲ್ಲಿ ಎಲ್ಲವೂ ಸರಿಯಾಗಿ ನಡೆಯುತ್ತದೆ. ಅಷ್ಟಕ್ಕೇ ಸ್ಕ್ರಿಪ್ಟ್ ಮುಗಿದುಹೋಗುತ್ತದೆ. ದೋಷದ ಸಂದೇಶ ಇಲ್ಲ, ಎಚ್ಚರಿಕೆ ಇಲ್ಲ. ಪಟ್ಟಿಯಲ್ಲಿ ಉಳಿದ 13 ಹೆಸರುಗಳು ಕಣ್ಣಿಗೆ ಕಾಣುತ್ತಿವೆ. ಎರಡು ದಿನದಿಂದ ಇದರಲ್ಲೇ ಸಿಕ್ಕಿಹಾಕಿಕೊಂಡಿದ್ದೇನೆ. ದಾರಿ ತೋರಿಸಿ.

ಕರಿಪರದೆ

ನಿಮ್ಮ ಲೂಪ್ ಸರಿಯಾಗಿಯೇ ಇದೆ. ಪಟ್ಟಿಯನ್ನು ಖಾಲಿ ಮಾಡುತ್ತಿರುವುದು ಎಸ್‌ಎಸ್‌ಎಚ್.

ಆ ಲೂಪಿನೊಳಗೆ ಓಡುವ ಎಲ್ಲ ಆಜ್ಞೆಗಳಿಗೂ ಒಳಬರುವ ದಾರಿ ಒಂದೇ, ಅಂದರೆ ನಿಮ್ಮ ಪಟ್ಟಿಯ ಫೈಲ್. 'ರೀಡ್' ಮೊದಲ ಸಾಲನ್ನು ತೆಗೆದುಕೊಳ್ಳುತ್ತದೆ. ಆಮೇಲೆ ಎಸ್‌ಎಸ್‌ಎಚ್ ಎದ್ದು, ಆ ದಾರಿಯಲ್ಲಿ ಇನ್ನೂ ಏನಾದರೂ ಬರುತ್ತಿದೆಯೇ ಎಂದು ನೋಡುತ್ತದೆ. ಬಂದದ್ದನ್ನೆಲ್ಲ ಆಚೆಯ ಸರ್ವರ್‌ಗೆ ಕಳಿಸುವುದು ಅದರ ಕೆಲಸ, ಹಾಗಾಗಿ ಉಳಿದ 13 ಹೆಸರುಗಳನ್ನೂ ಬಾಚಿಕೊಂಡು ಹೋಗುತ್ತದೆ. ಪಂಕ್ತಿಯಲ್ಲಿ ಮೊದಲು ಕುಳಿತವರ ಎಲೆಗೇ ಬುಟ್ಟಿಯ ಹೋಳಿಗೆಯೆಲ್ಲ ಬಿದ್ದರೆ ಮುಂದಿನವರಿಗೆ ಬಡಿಸಲು ಏನೂ ಇರುವುದಿಲ್ಲವಲ್ಲ, ಹಾಗೆ. 'ರೀಡ್' ಎರಡನೆಯ ಸಲ ಕೈಹಾಕಿದಾಗ ಫೈಲ್ ಮುಗಿದಿರುತ್ತದೆ. ಲೂಪಿನ ಲೆಕ್ಕದಲ್ಲಿ ಕೆಲಸ ಮುಗಿದಿದೆ, ಆದ್ದರಿಂದಲೇ ದೋಷ ಎಂದು ಹೇಳುವುದಿಲ್ಲ.

ಎಸ್‌ಎಸ್‌ಎಚ್ ಆಜ್ಞೆಗೆ ಡ್ಯಾಶ್ ಎನ್ ಎಂಬ ಆಯ್ಕೆ ಕೊಡಿ. ಆಗ ಅದು ಒಳಬರುವ ದಾರಿಯನ್ನು ಮುಟ್ಟುವುದಿಲ್ಲ.

ಘಟಪ್ರಭಾ ತೀರ

ತುಂಬಾ ಧನ್ಯವಾದ ಸರ್. ಒಂದೇ ಅಕ್ಷರ ಸೇರಿಸಿದೆ, 14 ಸರ್ವರ್‌ಗಳನ್ನೂ ಮುಗಿಸಿತು.

ಆದರೆ ಖುಷಿ ಬಹಳ ಹೊತ್ತು ಉಳಿಯಲಿಲ್ಲ. ಕೀ ಇಲ್ಲದ ಬೇರೆ ಲ್ಯಾಪ್‌ಟಾಪಿನಿಂದ ಒಂದೊಂದನ್ನೂ ಪರೀಕ್ಷಿಸಿದೆ. 8 ಸರ್ವರ್‌ಗಳು ಬಾಗಿಲಲ್ಲೇ ನಿಲ್ಲಿಸಿದವು. 6 ಸರ್ವರ್‌ಗಳು ಈಗಲೂ ಪಾಸ್‌ವರ್ಡ್ ಕೇಳುತ್ತಿವೆ, ಕೊಟ್ಟರೆ ಒಳಗೂ ಬಿಡುತ್ತಿವೆ. ಆ ಆರರಲ್ಲೂ ಫೈಲಿನ ಕೊನೆಗೆ ನಾನು ಹಾಕಿದ ಸಾಲು ಇದೆ, ಸೇವೆಯೂ ಮರುಓದಿಕೊಂಡಿದೆ.

ಕರಿಪರದೆ

ಬೇರೆ ಯಂತ್ರದಿಂದ ಪರೀಕ್ಷಿಸಿದ್ದು ಬಹಳ ಒಳ್ಳೆಯ ಕೆಲಸ. ಸಾಲು ಬಿದ್ದಿದೆ ಎಂದು ಸಮಾಧಾನಪಟ್ಟುಕೊಂಡು ಬಾಗಿಲು ತೆರೆದೇ ಉಳಿದಿರುವ ಸರ್ವರ್‌ಗಳನ್ನು ನಾನು ಎಷ್ಟೋ ನೋಡಿದ್ದೇನೆ.

ಹೆಚ್ಚಿನ ಸಂರಚನೆಗಳಲ್ಲಿ ಕೊನೆಯಲ್ಲಿ ಹೇಳಿದ್ದು ಗೆಲ್ಲುತ್ತದೆ. ಓಪನ್‌ಎಸ್‌ಎಸ್‌ಎಚ್‌ನಲ್ಲಿ ಮೊದಲು ಹೇಳಿದ್ದು ಗೆಲ್ಲುತ್ತದೆ. ಉಬುಂಟು 22.04ರಲ್ಲಿ ಮುಖ್ಯ ಫೈಲಿನ ಆರಂಭದಲ್ಲೇ ಒಂದು 'ಇನ್‌ಕ್ಲೂಡ್' ಸಾಲಿದೆ. ಅದು 'ಎಸ್‌ಎಸ್‌ಎಚ್‌ಡಿ ಕಾನ್ಫಿಗ್ ಡಾಟ್ ಡಿ' ಎಂಬ ಫೋಲ್ಡರಿನ ಫೈಲುಗಳನ್ನು ಮೊದಲು ಓದಿಸುತ್ತದೆ. ಆ ಆರು ಸರ್ವರ್‌ಗಳಲ್ಲಿ ಅಲ್ಲಿ ನೋಡಿ, 50 ಎಂಬ ಅಂಕಿಯಿಂದ ಶುರುವಾಗುವ ಕ್ಲೌಡ್ ಇನಿಟ್ (ಕ್ಲೌಡ್ ಸರ್ವರನ್ನು ಮೊದಲ ಸಲ ಸಜ್ಜುಗೊಳಿಸುವ ತಂತ್ರಾಂಶ) ಫೈಲ್ ಇರಬೇಕು, ಅದರೊಳಗೆ ಪಾಸ್‌ವರ್ಡ್‌ಗೆ 'ಯೆಸ್' ಎಂದಿರಬೇಕು. ಅಲ್ಲಿ 'ಯೆಸ್' ಎಂದ ಮೇಲೆ ಕೊನೆಯಲ್ಲಿ ನೀವು ಹಾಕಿದ 'ನೋ' ಲೆಕ್ಕಕ್ಕೆ ಬರುವುದಿಲ್ಲ.

ಇನ್ನೊಂದು ಬಲೆಯೂ ಇದೆ. ಫೈಲಿನ ಕೊನೆಯಲ್ಲಿ 'ಮ್ಯಾಚ್' ಎಂಬ ಭಾಗ ಇದ್ದರೆ, ಅದರ ಕೆಳಗೆ ಸೇರಿಸಿದ ಸಾಲು ಆ ಭಾಗದ ಬಳಕೆದಾರರಿಗೆ ಮಾತ್ರ ಅನ್ವಯಿಸುತ್ತದೆ.

ಫೈಲ್ ನೋಡಿ ನಿರ್ಧರಿಸಬೇಡಿ. 'ಎಸ್‌ಎಸ್‌ಎಚ್‌ಡಿ' ಆಜ್ಞೆಯನ್ನು ದೊಡ್ಡಕ್ಷರದ ಟಿ ಆಯ್ಕೆಯೊಂದಿಗೆ ಓಡಿಸಿದರೆ, ಎಲ್ಲ ಫೈಲುಗಳನ್ನೂ ಓದಿದ ಮೇಲೆ ಕೊನೆಗೆ ಉಳಿದ ಸಂರಚನೆಯನ್ನು ಅದೇ ಹೇಳುತ್ತದೆ. ಸಣ್ಣಕ್ಷರದ ಟಿ ಕೊಟ್ಟರೆ ಬರವಣಿಗೆಯಲ್ಲಿ ತಪ್ಪಿದೆಯೇ ಎಂದು ಮಾತ್ರ ನೋಡುತ್ತದೆ. ಸೇವೆಯನ್ನು ಮರುಓದಿಸುವ ಮುನ್ನ ಸಣ್ಣದು, ಆಮೇಲೆ ದೊಡ್ಡದು.

ಒಂದು ಪ್ರಶ್ನೆ: ಸ್ಕ್ರಿಪ್ಟನ್ನು ಒಟ್ಟು ಎಷ್ಟು ಸಲ ಓಡಿಸಿದಿರಿ?

ಘಟಪ್ರಭಾ ತೀರ

ನೀವು ಹೇಳಿದ ಫೈಲ್ ಆ ಆರರಲ್ಲೂ ಇದೆ, ಒಳಗೆ 'ಯೆಸ್' ಎಂದೇ ಇದೆ. ಆ ಆರನ್ನೂ ಬೇರೆ ಕಂಪನಿಯ ಕ್ಲೌಡಿನಲ್ಲಿ ತೆಗೆದುಕೊಂಡಿದ್ದೆವು, ಈಗ ಅರ್ಥವಾಯಿತು.

ಎಷ್ಟು ಸಲ ಎಂದು ಕೇಳಿದಿರಿ. ಮೊದಲ ಸರ್ವರ್‌ಗೇ ನಿಲ್ಲುತ್ತಿದ್ದಾಗ ಸುಮಾರು 11 ಸಲ ಪ್ರಯತ್ನಿಸಿದ್ದೆ. ಈಗ ತೆರೆದು ನೋಡಿದರೆ ಆ ಒಂದು ಸರ್ವರ್‌ನ ಫೈಲಿನ ಕೊನೆಯಲ್ಲಿ ಅದೇ ಸಾಲು 12 ಸಲ ಕುಳಿತಿದೆ. ಉಳಿದವುಗಳಲ್ಲಿ ಒಂದೊಂದೇ.

ಬಯಲುಸೀಮೆ

ಚರ್ಚೆಯ ನಿಜವಾದ ವಿಷಯ ಆ 12 ಸಾಲುಗಳಲ್ಲಿದೆ ಎಂಬುದು ನನ್ನ ಅಭಿಪ್ರಾಯ. ನಿಮ್ಮ ಸ್ಕ್ರಿಪ್ಟ್ ಹೇಳುತ್ತಿರುವುದು 'ಸಾಲು ಸೇರಿಸು' ಎಂದು. ನಿಮಗೆ ಬೇಕಾಗಿರುವುದು 'ಸಾಲು ಇರಬೇಕು' ಎಂಬುದು. ಮೊದಲನೆಯದು ಮಾಡುವ ಕೆಲಸ, ಹೇಳಿದಷ್ಟೂ ಸಲ ನಡೆಯುತ್ತದೆ. ಎರಡನೆಯದು ಇರಬೇಕಾದ ಸ್ಥಿತಿ, ಈಗಾಗಲೇ ಇದ್ದರೆ ಮಾಡುವುದೇನೂ ಇಲ್ಲ. ಎಷ್ಟು ಸಲ ಓಡಿಸಿದರೂ ಫಲ ಒಂದೇ ಆಗಿರುವ ಈ ಗುಣಕ್ಕೆ ಐಡೆಂಪೊಟೆನ್ಸ್ ಎನ್ನುತ್ತಾರೆ.

ಈ ಚಿಂತನೆ ಹೊಸದಲ್ಲ. ಮಾರ್ಕ್ ಬರ್ಜೆಸ್ ಅವರು ಓಸ್ಲೋ ವಿಶ್ವವಿದ್ಯಾಲಯದಲ್ಲಿದ್ದಾಗ, 1993ರಲ್ಲಿ, ಅನೇಕ ಸರ್ವರ್‌ಗಳ ಸಂರಚನೆಯನ್ನು ನೋಡಿಕೊಳ್ಳುವ ಸಿಎಫ್‌ಎಂಜಿನ್ ಎಂಬ ತಂತ್ರಾಂಶ ಶುರುಮಾಡಿದರು. 2005ರಲ್ಲಿ ಪಪೆಟ್ ಬಂತು, 2009ರಲ್ಲಿ ಷೆಫ್. ಇವುಗಳಲ್ಲಿ ಸಾಮಾನ್ಯವಾಗಿ ಪ್ರತಿ ಸರ್ವರ್‌ನಲ್ಲೂ ಒಂದು ಏಜೆಂಟ್ (ಸದಾ ಓಡುವ ಸಹಾಯಕ ತಂತ್ರಾಂಶ) ಇಟ್ಟಿರಬೇಕು. ಪಪೆಟ್‌ನ ಏಜೆಂಟ್ ತಾನಾಗಿಯೇ 30 ನಿಮಿಷಕ್ಕೊಮ್ಮೆ ಹೋಗಿ ಯಜಮಾನ ಸರ್ವರನ್ನು ಕೇಳಿಕೊಂಡು ಬರುತ್ತದೆ. 2012ರಲ್ಲಿ ಮೈಕೆಲ್ ಡಿಹಾನ್ ಅವರು ಅದೇ ಬಗೆಯ ಅನ್ಸಿಬಲ್ ಬರೆದಾಗ ಆ ಏಜೆಂಟನ್ನೇ ಬಿಟ್ಟರು. ಆಚೆ ಕಡೆ ಎಸ್‌ಎಸ್‌ಎಚ್ ಮತ್ತು ಪೈಥಾನ್ ಇದ್ದರೆ ಸಾಕು. ಅದು ಪುಟ್ಟ ಪೈಥಾನ್ ತುಣುಕನ್ನು ಕಳಿಸಿ, ಓಡಿಸಿ, ಉತ್ತರ ತಂದು, ತುಣುಕನ್ನು ಅಳಿಸಿ ಬರುತ್ತದೆ. ನಿಮ್ಮ 14 ಸರ್ವರ್‌ಗಳಲ್ಲಿ ಇವೆರಡೂ ಈಗಲೇ ಇವೆ.

ನಿಮ್ಮ ಕೆಲಸವನ್ನು ಹೀಗೆ ಮಾಡಿ. ಮುಖ್ಯ ಫೈಲಿಗೆ ಕೈಹಾಕಬೇಡಿ. ಅದೇ 'ಡಾಟ್ ಡಿ' ಫೋಲ್ಡರಿನಲ್ಲಿ 00 ಎಂದು ಶುರುವಾಗುವ ಹೆಸರಿನ ನಿಮ್ಮದೇ ಫೈಲ್ ಇಡಿ. ಹೆಸರಿನ ಅನುಕ್ರಮದಲ್ಲಿ ಓದುವುದರಿಂದ 50ರ ಫೈಲಿಗಿಂತ ಮೊದಲು ನಿಮ್ಮದು ಬರುತ್ತದೆ, ಮೊದಲು ಹೇಳಿದ್ದು ಗೆಲ್ಲುತ್ತದೆ. ಪ್ಲೇಬುಕ್‌ನಲ್ಲಿ (ಅನ್ಸಿಬಲ್‌ಗೆ ಕೊಡುವ ಸೂಚನೆಗಳ ಫೈಲ್) ಬರೆಯುವುದು ಇಷ್ಟೇ: ಈ ಫೈಲ್ ಈ ಒಕ್ಕಣೆಯೊಂದಿಗೆ ಇರಬೇಕು, ಬದಲಾದರೆ ಮಾತ್ರ ಎಸ್‌ಎಸ್‌ಎಚ್ ಸೇವೆ ಮರುಓದಬೇಕು. ಮೊದಲ ಸಲ 'ಚೇಂಜ್ಡ್' ಎಂದು ಬರುತ್ತದೆ, ಎರಡನೆಯ ಸಲ 'ಓಕೆ'. ಎರಡನೆಯ ಸಲವೂ 'ಚೇಂಜ್ಡ್' ಬಂದರೆ ನೀವು ಬರೆದದ್ದು ಸ್ಥಿತಿಯಲ್ಲ, ಕೆಲಸ ಎಂದು ತಿಳಿಯಿರಿ.

ನಿಜವಾಗಿ ಓಡಿಸುವ ಮುನ್ನ 'ಚೆಕ್' ಮತ್ತು 'ಡಿಫ್' ಆಯ್ಕೆಗಳನ್ನು ಕೊಡಿ. ಏನನ್ನೂ ಮುಟ್ಟದೆ, ಯಾವ ಸರ್ವರ್‌ನಲ್ಲಿ ಯಾವ ಸಾಲು ಹೋಗುತ್ತದೆ, ಯಾವುದು ಬರುತ್ತದೆ ಎಂದು ತೋರಿಸುತ್ತದೆ. ಅದನ್ನು ಪೂರ್ತಿ ಓದಿ.

ಪುಟ್ಟ ಪ್ರಾಂಪ್ಟ್

ಬಯಲುಸೀಮೆ ಅವರ ಸ್ಥಿತಿ ಮತ್ತು ಕೆಲಸದ ಮಾತು ನೂರಕ್ಕೆ ನೂರು ಸರಿ. ಆದರೆ ಅದಕ್ಕೆ ಅನ್ಸಿಬಲ್ಲೇ ಬೇಕು ಎಂಬುದನ್ನು ನಾನು ಒಪ್ಪುವುದಿಲ್ಲ.

ಘಟಪ್ರಭಾ ತೀರ ಅವರೇ, ಫೈಲ್ ಅದೇ ಹೆಸರಿನಲ್ಲಿ ಅದೇ ಒಕ್ಕಣೆಯೊಂದಿಗೆ ನಕಲಾಗುವುದು ಶೆಲ್‌ನಲ್ಲೂ ಎಷ್ಟು ಸಲ ಮಾಡಿದರೂ ಒಂದೇ ಫಲ ಕೊಡುತ್ತದೆ. ಸೇರಿಸುವುದನ್ನು ಬಿಟ್ಟು ಇಡೀ ಫೈಲನ್ನು ಇಡುವ ಅಭ್ಯಾಸ ಮಾಡಿಕೊಂಡರೆ ಅರ್ಧ ಸಮಸ್ಯೆ ಅಲ್ಲಿಗೇ ಮುಗಿಯಿತು. ಸಾಲೊಂದೇ ಬೇಕಿದ್ದರೆ ಮೊದಲು ಗ್ರೆಪ್ ಆಜ್ಞೆಯಿಂದ ಹುಡುಕಿ, ಇಲ್ಲದಿದ್ದರೆ ಮಾತ್ರ ಸೇರಿಸಿ. ಸ್ಕ್ರಿಪ್ಟಿನ ತಲೆಯಲ್ಲಿ 'ಸೆಟ್ ಡ್ಯಾಶ್ ಇ' ಇರಲಿ, ಒಂದು ಹೆಜ್ಜೆ ತಪ್ಪಿದರೆ ಅಲ್ಲೇ ನಿಲ್ಲುತ್ತದೆ. ಸರ್ವರ್‌ಗಳ ಹೆಸರು, ಪೋರ್ಟ್ (ಸಂಪರ್ಕದ ಬಾಗಿಲಿನ ಸಂಖ್ಯೆ), ಕೀ ಇವನ್ನೆಲ್ಲ ನಿಮ್ಮ ಎಸ್‌ಎಸ್‌ಎಚ್ ಕಾನ್ಫಿಗ್ ಫೈಲಿನಲ್ಲಿ ಒಮ್ಮೆ ಬರೆದಿಡಿ.

ಅನ್ಸಿಬಲ್‌ಗೂ ಅದರದೇ ಭಾರ ಇದೆ. ಪ್ಲೇಬುಕ್ ಬರೆಯುವ ಯಾಮಲ್ ಎಂಬ ರೂಪದಲ್ಲಿ ಎರಡು ಖಾಲಿ ಜಾಗ ಆಚೀಚೆಯಾದರೆ ಅರ್ಥವೇ ಬದಲಾಗುತ್ತದೆ, ಟ್ಯಾಬ್ ಒತ್ತಿದರೆ ಓದುವುದೇ ಇಲ್ಲ. ಅನ್ಸಿಬಲ್ ಕೋರ್ 2.17ರಿಂದ ಆಚೆಯ ಸರ್ವರ್‌ನಲ್ಲಿ ಪೈಥಾನ್ 3.6 ಇದ್ದರೆ ಕೆಲಸ ಮಾಡುವುದಿಲ್ಲ. ರೆಡ್ ಹ್ಯಾಟ್ 8ರ ಸರ್ವರ್‌ಗಳನ್ನು ನೋಡಿಕೊಳ್ಳುವ ನನಗೆ ಅದರಿಂದ ಒಂದು ವಾರ ಹೋಯಿತು. ಶೆಲ್ ಗೊತ್ತಿಲ್ಲದೆ ಪ್ಲೇಬುಕ್ ಬರೆಯುವವರು, ಅದು ಮುರಿದ ದಿನ ಎಲ್ಲಿ ನೋಡಬೇಕೆಂದು ತಿಳಿಯದೆ ನಿಲ್ಲುತ್ತಾರೆ. ಡ್ಯಾಶ್ ಎನ್ ಏಕೆ ಬೇಕು ಎಂದು ಈಗ ಘಟಪ್ರಭಾ ತೀರ ಅವರಿಗೆ ಗೊತ್ತಾಗಿದೆ. ಅದು ದೊಡ್ಡ ಗಳಿಕೆ.

ಬಯಲುಸೀಮೆ

ಶೆಲ್ ಕಲಿಯಬೇಕು ಎಂಬುದರಲ್ಲಿ ಎರಡು ಮಾತಿಲ್ಲ, ಮೇಡಂ. ನನ್ನ ಆತಂಕ ಬೇರೆ. 14ರಲ್ಲಿ ಒಂದು ಉಳಿದುಹೋದರೆ ಸ್ಕ್ರಿಪ್ಟ್ ಹೇಳುವುದಿಲ್ಲ. ಇವರ ಮೊದಲ ಪ್ರಶ್ನೆಯೇ ಅದಕ್ಕೆ ಸಾಕ್ಷಿ. 13 ಉಳಿದವು, ಒಂದೂ ಸದ್ದಿಲ್ಲ.

ಒಂದು ಉಳಿದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ನೈಟ್ ಕ್ಯಾಪಿಟಲ್ ಎಂಬ ಷೇರು ವಹಿವಾಟು ಸಂಸ್ಥೆಯ ಪ್ರಕರಣವನ್ನು ನಾನು ಹೊಸಬರಿಗೆಲ್ಲ ಹೇಳುತ್ತೇನೆ. 2012ರ ಆಗಸ್ಟ್ 1ಕ್ಕೆ ಮುಂಚಿನ ದಿನಗಳಲ್ಲಿ ಅವರು 8 ಸರ್ವರ್‌ಗಳಿಗೆ ಹೊಸ ತಂತ್ರಾಂಶ ಹಾಕಬೇಕಿತ್ತು. ತಂತ್ರಜ್ಞರೊಬ್ಬರು 7ಕ್ಕೆ ಹಾಕಿದರು, ಒಂದು ಉಳಿಯಿತು. ಎರಡನೆಯವರು ಯಾರೂ ನೋಡಲಿಲ್ಲ, ನೋಡಬೇಕೆಂಬ ಲಿಖಿತ ನಿಯಮವೂ ಇರಲಿಲ್ಲ. ಹೊಸ ತಂತ್ರಾಂಶವನ್ನು ಚಾಲೂ ಮಾಡುವ ಅದೇ ಗುರುತು ಆ ಎಂಟನೆಯ ಸರ್ವರ್‌ನಲ್ಲಿ, 2003ರಿಂದ ಬಳಕೆಯಲ್ಲಿಲ್ಲದ ಹಳೆಯ ಕೋಡನ್ನು ಎಬ್ಬಿಸಿತು. ಅದು ನಿಲ್ಲದೆ ಷೇರು ಕೊಳ್ಳುತ್ತ ಮಾರುತ್ತ ಹೋಯಿತು. ಸುಮಾರು 45 ನಿಮಿಷ. ನಷ್ಟ 46 ಕೋಟಿ ಡಾಲರ್ ದಾಟಿತು.

ನನ್ನನ್ನು ಅತಿ ಹೆಚ್ಚು ಕಾಡುವುದು ನಡುವೆ ನಡೆದ ಇನ್ನೊಂದು ಸಂಗತಿ. ಏನಾಗುತ್ತಿದೆ ಎಂದು ತಿಳಿಯದೆ, ಹೊಸ ತಂತ್ರಾಂಶದಲ್ಲೇ ದೋಷವಿರಬೇಕೆಂದು ಅದನ್ನು ಸರಿಯಿದ್ದ ಆ 7 ಸರ್ವರ್‌ಗಳಿಂದಲೂ ತೆಗೆದರು. ಆಗ ಆ ಏಳೂ ಎಂಟನೆಯದರಂತೆಯೇ ವರ್ತಿಸತೊಡಗಿದವು. ಯಾವ ಸರ್ವರ್‌ನಲ್ಲಿ ಏನಿದೆ ಎಂದು ಒಂದು ಆಜ್ಞೆಯಲ್ಲಿ ಕೇಳಿ ತಿಳಿಯುವ ದಾರಿ ಕೈಯಲ್ಲಿದ್ದಿದ್ದರೆ ಆ ಹೆಜ್ಜೆ ಇಡುತ್ತಿರಲಿಲ್ಲ.

ಆದ್ದರಿಂದಲೇ ಓಟದ ಕೊನೆಯಲ್ಲಿ ಅನ್ಸಿಬಲ್ ಕೊಡುವ ಆ ಪಟ್ಟಿಗೆ ನಾನು ಇಷ್ಟು ಬೆಲೆ ಕೊಡುತ್ತೇನೆ. ಸರ್ವರ್‌ಗೆ ಒಂದು ಸಾಲು: ಎಷ್ಟು ಸರಿ, ಎಷ್ಟು ಬದಲು, ತಲುಪಲಾಗದ್ದು ಯಾವುದು. ಶೆಲ್‌ನಲ್ಲೂ ಅದನ್ನು ಕಟ್ಟಬಹುದು, ನೀವು ಖಂಡಿತ ಕಟ್ಟಿರುತ್ತೀರಿ. ಒಬ್ಬರೇ ಎಲ್ಲವನ್ನೂ ನೋಡಿಕೊಳ್ಳುವ ಚಿಕ್ಕ ಕಚೇರಿಯಲ್ಲಿ ಅದು ಕಟ್ಟಿಕೊಂಡೇ ಬರುವುದು ಒಳ್ಳೆಯದು.

ಪುಟ್ಟ ಪ್ರಾಂಪ್ಟ್

ಆ ಕೊನೆಯ ಪಟ್ಟಿಯ ವಿಷಯ ಒಪ್ಪಿದೆ. ನಾನು ಕಟ್ಟಿಕೊಂಡಿದ್ದೇನೆ, 200 ಸಾಲಾಗಿದೆ, ನನ್ನ ನಂತರ ಬರುವವರು ಅದನ್ನು ಓದಬೇಕು ಎಂಬ ಚಿಂತೆ ನನಗೂ ಇದೆ.

ಕಡಲದಾರಿ

ಇಲ್ಲಿಯವರೆಗಿನ ಮಾತೆಲ್ಲ ಬಿಟ್ಟುಹೋಗುವ ಸರ್ವರ್‌ಗಳ ಬಗ್ಗೆ. ತಪ್ಪೊಂದು ಎಲ್ಲ ಸರ್ವರ್‌ಗಳಿಗೂ ಚಾಚೂ ತಪ್ಪದೆ ತಲುಪುವ ಬಗ್ಗೆಯೂ ಹೇಳಬೇಕು. ನನ್ನದೇ ಅನುಭವ.

ಹಿಂದಿನ ಕೆಲಸದಲ್ಲಿ 9 ಸರ್ವರ್‌ಗಳಿಗೆ ಫೈರ್‌ವಾಲ್ (ಬೇಡದ ಸಂಪರ್ಕಗಳನ್ನು ತಡೆಯುವ ವ್ಯವಸ್ಥೆ) ಹಾಕುವ ಪ್ಲೇಬುಕ್ ಬರೆದೆ. ಪೋರ್ಟ್ 22, 80 ಮತ್ತು 443 ತೆರೆದಿರಬೇಕು, ಉಳಿದದ್ದೆಲ್ಲ ಮುಚ್ಚಿರಬೇಕು. ಓಡಿಸಿದೆ. ಒಂಬತ್ತೂ 'ಚೇಂಜ್ಡ್' ಎಂದವು, ಒಂದೂ ಕೆಂಪು ಸಾಲಿಲ್ಲ. ಟೀ ತರಲು ಎದ್ದೆ. ಬಂದು ಒಂದು ಸರ್ವರ್‌ಗೆ ಲಾಗಿನ್ ಮಾಡಲು ನೋಡಿದರೆ ಉತ್ತರವೇ ಇಲ್ಲ. ಇನ್ನೊಂದೂ ಇಲ್ಲ, ಮತ್ತೊಂದೂ ಇಲ್ಲ. ನನಗಿಂತ ಹಿಂದೆ ಇದ್ದವರು ಆ ಸರ್ವರ್‌ಗಳಲ್ಲಿ ಎಸ್‌ಎಸ್‌ಎಚ್ ಅನ್ನು 22ರಿಂದ 2222ಕ್ಕೆ ಬದಲಿಸಿದ್ದರು. ನನ್ನ ಇನ್ವೆಂಟರಿಯಲ್ಲಿ (ಅನ್ಸಿಬಲ್‌ನ ಸರ್ವರ್ ಪಟ್ಟಿಯಲ್ಲಿ) 2222 ಎಂದೇ ಇತ್ತು, ಅದರಲ್ಲೇ ಸಂಪರ್ಕಿಸುತ್ತಿದ್ದೆ. ಫೈರ್‌ವಾಲ್‌ನ ನಿಯಮದಲ್ಲಿ ಮಾತ್ರ ಕೈರೂಢಿಯಿಂದ 22 ಎಂದು ಬರೆದಿದ್ದೆ.

ದೋಷ ಏಕೆ ಕಾಣಲಿಲ್ಲ ಎಂಬುದು ಮುಖ್ಯ. ಅನ್ಸಿಬಲ್ ಪ್ರತಿ ಹೆಜ್ಜೆಗೂ ಹೊಸ ಸಂಪರ್ಕ ತೆರೆಯುವುದಿಲ್ಲ. ತೆರೆದದ್ದನ್ನು, ಕೆಲಸ ನಿಂತ ಮೇಲೂ 60 ಸೆಕೆಂಡ್ ಹಿಡಿದಿಟ್ಟುಕೊಳ್ಳುತ್ತದೆ. ಫೈರ್‌ವಾಲ್ ಮುಚ್ಚಿದ್ದು ಹೊಸ ಸಂಪರ್ಕಗಳನ್ನು. ಹಳೆಯ ದಾರಿಯಲ್ಲಿ ಉಳಿದ ಹೆಜ್ಜೆಗಳೆಲ್ಲ ಚೆನ್ನಾಗಿ ಮುಗಿದವು. ಟೀ ಮುಗಿಯುವಷ್ಟರಲ್ಲಿ ಆ ದಾರಿಯೂ ಮುಚ್ಚಿತು. ಅಂದು ರಾತ್ರಿ 9 ಸರ್ವರ್‌ಗಳನ್ನೂ ಒಂದೊಂದಾಗಿ ಕ್ಲೌಡ್ ಕಂಪನಿಯ ವೆಬ್ ಕನ್ಸೋಲ್‌ನಿಂದ ತೆರೆದೆ. ಅಲ್ಲಿ ನಕಲು ಮಾಡಿ ಅಂಟಿಸಲು ಬರುತ್ತಿರಲಿಲ್ಲ, 32 ಅಕ್ಷರದ ರೂಟ್ ಪಾಸ್‌ವರ್ಡನ್ನು ಒಂಬತ್ತು ಸಲ ನೋಡಿಕೊಂಡು ಒತ್ತಿದೆ.

ಅಂದಿನಿಂದ ಹೀಗೆ ಮಾಡುತ್ತೇನೆ. 'ಸೀರಿಯಲ್ 1' ಎಂದು ಬರೆದು ಒಂದೊಂದೇ ಸರ್ವರ್ ಮುಗಿಯುವಂತೆ ಮಾಡುತ್ತೇನೆ, ಇಲ್ಲದಿದ್ದರೆ ಅನ್ಸಿಬಲ್ ತಾನಾಗಿ ಐದೈದನ್ನು ಒಟ್ಟಿಗೆ ಹಿಡಿಯುತ್ತದೆ. ಫೈರ್‌ವಾಲ್ ಅಥವಾ ಎಸ್‌ಎಸ್‌ಎಚ್ ಮುಟ್ಟುವ ಮುನ್ನ ಆ ಸರ್ವರ್‌ನಲ್ಲೇ 'ಆಟ್' ಆಜ್ಞೆಯಿಂದ, 10 ನಿಮಿಷದ ನಂತರ ಬದಲಾವಣೆಯನ್ನು ಹಿಂತೆಗೆ ಎಂದು ಕಟ್ಟಿಡುತ್ತೇನೆ. ಬದಲಾವಣೆಯ ನಂತರ ಹಿಡಿದಿಟ್ಟ ಸಂಪರ್ಕವನ್ನು ಕಡಿದು ಹೊಸದಾಗಿ ಲಾಗಿನ್ ಆಗುವ ಹೆಜ್ಜೆ ಪ್ಲೇಬುಕ್‌ನಲ್ಲೇ ಇದೆ. ಅದು ಗೆದ್ದರೆ ಮಾತ್ರ ಮುಂದಿನ ಹೆಜ್ಜೆ ಆ ಕಟ್ಟನ್ನು ಬಿಚ್ಚುತ್ತದೆ. ಸೋತರೆ ಓಟ ಮೊದಲ ಸರ್ವರ್‌ನಲ್ಲೇ ನಿಲ್ಲುತ್ತದೆ, 10 ನಿಮಿಷಕ್ಕೆ ಅದೂ ಮೊದಲಿನಂತಾಗುತ್ತದೆ.

ಪೋರ್ಟ್ ಸಂಖ್ಯೆಯನ್ನು ಎರಡು ಕಡೆ ಬರೆಯುವುದನ್ನೂ ನಿಲ್ಲಿಸಿದೆ. ಇನ್ವೆಂಟರಿಯಲ್ಲಿ ಒಮ್ಮೆ, ಫೈರ್‌ವಾಲ್ ಅಲ್ಲಿಂದಲೇ ಓದುತ್ತದೆ.

ಹೊಸಗಾಳಿ

ನಾನೂ ಇದನ್ನೇ ಕಲಿಯುತ್ತಿದ್ದೇನೆ. ಹೊಸ ಸರ್ವರ್‌ಗೆ ಮೊದಲ ಸಲ ಹೋದಾಗ 'ಗುರುತು ನಂಬುತ್ತೀರಾ, ಯೆಸ್ ಅಥವಾ ನೋ' ಎಂದು ಕೇಳಿ ಓಟ ನಿಲ್ಲುತ್ತದೆ. ಹೋಸ್ಟ್ ಕೀ, ಅಂದರೆ ಸರ್ವರ್‌ನ ಗುರುತಿನ, ತಪಾಸಣೆಯನ್ನು ಪೂರ್ತಿ ನಿಲ್ಲಿಸುವ ಆಯ್ಕೆ ಹಾಕಿದ ಮೇಲೆ ಸರಾಗವಾಗಿದೆ. ಪ್ರಶ್ನೆ ಕೇಳಿದವರಿಗೂ ಇದು ಉಪಯೋಗವಾಗಬಹುದು.

ಕರಿಪರದೆ

ದಯವಿಟ್ಟು ಹಾಗೆ ಮಾಡಬೇಡಿ, ಮಾಡಿದ್ದರೆ ಇವತ್ತೇ ತೆಗೆಯಿರಿ. ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಪಾಸ್‌ವರ್ಡ್ ಕದಿಯುವ ದಾಳಿ ನಡೆದ ಮೇಲೆ, 1995ರಲ್ಲಿ ತಾತು ಯುಲೋನೆನ್ ಅವರು ಎಸ್‌ಎಸ್‌ಎಚ್ ಬರೆದರು. ನಡುದಾರಿಯಲ್ಲಿ ಕದ್ದು ಕೇಳುವವರಿಂದ ಕಾಪಾಡುವುದಕ್ಕೇ ಅದು ಹುಟ್ಟಿದ್ದು. ಆಚೆ ಕಡೆ ಇರುವುದು ನಿಮ್ಮದೇ ಸರ್ವರ್ ಎಂದು ಖಾತ್ರಿಪಡಿಸುವುದು ಆ ಗುರುತೊಂದೇ. ಅದನ್ನು ನೋಡುವುದಿಲ್ಲ ಎಂದರೆ, ನಿಮ್ಮ ಸರ್ವರ್‌ನ ವೇಷದಲ್ಲಿ ಕುಳಿತ ಯಾರಿಗೆ ಬೇಕಾದರೂ ನಿಮ್ಮ ಆಜ್ಞೆಗಳನ್ನು, ಪ್ಲೇಬುಕ್ ಕಳಿಸುವ ಗುಟ್ಟುಗಳನ್ನು ಒಪ್ಪಿಸುತ್ತೀರಿ.

ಸರ್ವರ್ ಹುಟ್ಟಿದಾಗ ಕ್ಲೌಡ್ ಕನ್ಸೋಲ್‌ನ ದಾಖಲೆಯಲ್ಲಿ ಅದರ ಕೀಯ ಬೆರಳಚ್ಚು ಸಾಮಾನ್ಯವಾಗಿ ಅಚ್ಚಾಗಿರುತ್ತದೆ. ಅದನ್ನು ಹೋಲಿಸಿ ನೋಡಿ, ಒಮ್ಮೆ 'ನೋನ್ ಹೋಸ್ಟ್ಸ್' ಫೈಲಿಗೆ ಸೇರಿಸಿ. ಸರ್ವರ್‌ಗೆ ಎರಡು ನಿಮಿಷದ ಕೆಲಸ.

ಹೊಸಗಾಳಿ

ತೆಗೆದಿದ್ದೇನೆ ಸರ್. ಬೆರಳಚ್ಚು ಕನ್ಸೋಲ್‌ನಲ್ಲಿ ಸಿಗುತ್ತದೆ ಎಂದು ತಿಳಿದಿರಲಿಲ್ಲ.

ಘಟಪ್ರಭಾ ತೀರ (18 ದಿನಗಳ ನಂತರ)

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. 14 ಸರ್ವರ್‌ಗಳಲ್ಲೂ ಪಾಸ್‌ವರ್ಡ್ ಲಾಗಿನ್ ನಿಂತಿದೆ. 00 ಫೈಲ್, 'ಸೀರಿಯಲ್ 1', 10 ನಿಮಿಷದ ಕಟ್ಟು ಎಲ್ಲವನ್ನೂ ಹಾಕಿದೆ. ಆ 12 ಸಾಲುಗಳನ್ನು ತೆಗೆದೆ. ಡೇಟಾಬೇಸಿನ ಪಾಸ್‌ವರ್ಡನ್ನು ಅನ್ಸಿಬಲ್ ವಾಲ್ಟ್‌ನಿಂದ ಗೂಢಲಿಪಿಗೆ ತಿರುಗಿಸಿ, ಪ್ಲೇಬುಕ್‌ಗಳನ್ನು ಬದಲಾವಣೆಗಳ ದಾಖಲೆ ಇಡುವ ಗಿಟ್‌ನಲ್ಲಿ ಇಟ್ಟಿದ್ದೇನೆ. ಪುಟ್ಟ ಪ್ರಾಂಪ್ಟ್ ಅವರು ಹೇಳಿದಂತೆ ಎಸ್‌ಎಸ್‌ಎಚ್ ಕಾನ್ಫಿಗ್ ಫೈಲನ್ನೂ ಬರೆದೆ, ಅನ್ಸಿಬಲ್ ಕೂಡ ಅದನ್ನೇ ಓದುತ್ತದೆ.

ಇದಾದ ಮೇಲೆ ಎಲ್ಲ ಸರ್ವರ್‌ಗಳ ಕಾಲವಲಯ ಏಷ್ಯಾ ಕೋಲ್ಕತಾ ಆಗಿರಬೇಕು ಎಂದು ಎರಡೇ ಸಾಲಿನ ಪ್ಲೇಬುಕ್ ಬರೆದೆ. 'ಚೆಕ್' ಹಾಕಿದೆ. 13 ಸರ್ವರ್‌ಗಳು 'ಓಕೆ' ಎಂದವು, ಒಂದು ಮಾತ್ರ 'ಚೇಂಜ್ಡ್', ಅದು ಯುಟಿಸಿಯಲ್ಲಿದೆ (ನಮಗಿಂತ ಐದೂವರೆ ಗಂಟೆ ಹಿಂದಿನ ಜಾಗತಿಕ ಸಮಯ). ಸಣ್ಣ ವಿಷಯ ಎಂದು ಓಡಿಸುವವನಿದ್ದೆ. ಪೂರ್ತಿ ಓದಿ ಎಂದಿದ್ದ ಬಯಲುಸೀಮೆ ಅವರ ಮಾತು ನೆನಪಾಗಿ ಆ ಸರ್ವರ್‌ಗೆ ಹೋಗಿ ಕ್ರಾನ್ ಪಟ್ಟಿ (ನಿಗದಿತ ಸಮಯಕ್ಕೆ ತಾನಾಗಿ ಓಡುವ ಕೆಲಸಗಳ ಪಟ್ಟಿ) ನೋಡಿದೆ. ದಿನದ ಲೆಕ್ಕ ಮುಚ್ಚುವ ಕೆಲಸವನ್ನು 17:30ಕ್ಕೆ ಇಟ್ಟಿದ್ದರು. ಯುಟಿಸಿಯಲ್ಲಿ 17:30 ಎಂದರೆ ನಮಗೆ ರಾತ್ರಿ 11. ಯಾರೋ ಲೆಕ್ಕ ಹಾಕಿಯೇ ಇಟ್ಟಿದ್ದಾರೆ. ನಾನು ಕಾಲವಲಯ ಮಾತ್ರ ಬದಲಿಸಿದ್ದರೆ ಸಂಜೆ ಐದೂವರೆಗೇ ದಿನದ ಲೆಕ್ಕ ಮುಚ್ಚುತ್ತಿತ್ತು. ಆ ಹೊತ್ತಿಗೆ ಪಿಗ್ಮಿ ಸಂಗ್ರಹಿಸುವವರು ಅಂಗಡಿ ಅಂಗಡಿ ಸುತ್ತಿ ಬಂದು ಸಂಘದಲ್ಲಿ ಹಣ ಜಮಾ ಮಾಡುತ್ತಿರುತ್ತಾರೆ.

ಈಗ ಓಟ ನಿಲ್ಲಿಸಿ ಕೇಳುತ್ತಿದ್ದೇನೆ. ಹೇಗೆ ಮಾಡುವುದು?

ಕರಿಪರದೆ

ಕ್ರಾನ್ ಪಟ್ಟಿಯನ್ನೂ ಪ್ಲೇಬುಕ್‌ಗೆ ತನ್ನಿ. ಕಾಲವಲಯ ಮತ್ತು 23:00 ಎಂಬ ಸಮಯ ಎರಡೂ ಒಂದೇ ಓಟದಲ್ಲಿ ಬದಲಾಗಲಿ, ಬದಲಾದರೆ ಕ್ರಾನ್ ಸೇವೆ ಮರುಪ್ರಾರಂಭವಾಗಲಿ. ಕ್ರಾನ್ ಹಳೆಯ ಕಾಲವಲಯವನ್ನೇ ಹಿಡಿದುಕೊಂಡಿರುತ್ತದೆ, ಇದನ್ನು ಮರೆಯಬೇಡಿ. ಸಂಘ ಮುಚ್ಚಿರುವ ಭಾನುವಾರ ಬೆಳಿಗ್ಗೆ ಮಾಡಿ. ಅದಕ್ಕೂ ಮೊದಲು ಡೇಟಾಬೇಸಿನ ಪ್ರತಿ ತೆಗೆದಿಟ್ಟು, ಆ ಪ್ರತಿಯಿಂದ ಬೇರೊಂದು ಸರ್ವರ್‌ನಲ್ಲಿ ಮತ್ತೆ ಎಬ್ಬಿಸಿ ನೋಡಿ. ಆ ಸರ್ವರ್‌ನ ಬೇರೆ ತಂತ್ರಾಂಶಗಳು ಸಮಯವನ್ನು ಎಲ್ಲಿ ಬರೆಯುತ್ತವೆ ಎಂದೂ ಹುಡುಕಿ.

ಘಟಪ್ರಭಾ ತೀರ

ಭಾನುವಾರ ಬೆಳಿಗ್ಗೆ 7 ಗಂಟೆಗೆ ಓಡಿಸಿದೆ. ಮೂರು ಬದಲಾವಣೆ ತೋರಿಸಿತು: ಕಾಲವಲಯ, ಕ್ರಾನ್ ಸಾಲು, ಸೇವೆಯ ಮರುಪ್ರಾರಂಭ. ಎರಡನೆಯ ಸಲ ಓಡಿಸಿದಾಗ 14 ಸರ್ವರ್‌ಗಳಲ್ಲೂ ಬದಲು 0. ಸಂಜೆ ಐದೂವರೆಗೆ ಲಾಗ್ ಫೈಲ್ ತೆರೆದು ಕುಳಿತೆ, ಏನೂ ಬರಲಿಲ್ಲ. ರಾತ್ರಿ ಊಟ ಮುಗಿಸಿ ಮತ್ತೆ ಅದರ ಮುಂದೆ ಕುಳಿತೆ. 23:00:01ಕ್ಕೆ ಮೊದಲ ಸಾಲು ಬಂತು.